ಭಾನುವಾರ ಉಪವಾಸ ಮಾಡುತ್ತಿದ್ದ ನಾಯಿ

ಹೋದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗಳ ಫೋನ್ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದ್ರೆ ನನ್ನ ವಯಸ್ಸಿನವರಿಗೆ ಮೊದಲು ಎದೆ ಧಸಕ್ ಅನ್ನುತ್ತೆ.

“ಯಾರಿಗೂ ಏನೂ ಆಗಿಲ್ಲ ಮಾಮ. ಅಜ್ಜಿ ಮನೆ ಕರಿಯ ಎಷ್ಟು ವರ್ಷ ಬದುಕಿತ್ತು, ಅದೊಂದು ಹೇಳು ಸಾಕು.”

“ಹದಿಮೂರೋ ಹದಿನಾಲ್ಕೋ ಇರಬೇಕು. ಈಗ್ಯಾಕೆ ಅದು?”

“ಬರೀ ಮುದ್ದೆ ಸಾರು ತಿಂದ್ಕೊಂಡೇ ಬದುಕಿತ್ತು ಅಲ್ವಾ?”

ವಿಷಯ ಏನಪ್ಪಾ ಅಂದ್ರೆ, ಹುಡುಗಿ ಎರಡು ವರ್ಷದಿಂದ ವೀಗನ್ ಆಗಿದ್ದಾಳೆ. ಮಾಂಸ ನಮ್ಮ ಮನೆತನದಲ್ಲಿ ಮೊದಲೇ ಇಲ್ಲ. ಅವಳು ಹಾಲು, ಮೊಸರು, ತುಪ್ಪ, ಜೇನು ಎಲ್ಲವನ್ನೂ ಬಿಟ್ಟಿದ್ದಾಳೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ವರ್ಷದ ಒಂದು ಗೋಲ್ಡನ್ ರಿಟ್ರೀವರ್ ಸಾಕಿದ್ದಾಳೆ. ಅದಕ್ಕೋಸ್ಕರ ಕೋಳಿ ಅಂಗಡಿ ಮುಂದೆ ನಿಲ್ಲೋದು ಅವಳ ಕೈಲಿ ಆಗಲಿಲ್ಲ. ಆರು ತಿಂಗಳಿಂದ ಅನ್ನ, ಸೋಯಾ, ಕ್ಯಾರೆಟ್ಟು, ಹುರುಳಿಕಾಯಿ ಬೇಯಿಸಿ ಹಾಕ್ತಿದ್ದಾಳೆ. ಪಶುವೈದ್ಯರು “ನೀವು ಏನು ಬೇಕಾದ್ರೂ ತಿನ್ನಿ, ನಾಯಿಗೆ ಯಾಕಮ್ಮ ಈ ಶಿಕ್ಷೆ” ಅಂತ ಗದರಿದ್ದಾರೆ. ಗಂಡ ವೈದ್ಯರ ಪಕ್ಷ. ಅತ್ತೆ ಯಾರ ಪಕ್ಷವೂ ಅಲ್ಲ. ಸೊಸೆ ಆಫೀಸಿಗೆ ಹೋದಮೇಲೆ ನಾಯಿಗೆ ಸದ್ದಿಲ್ಲದೆ ಮೊಸರನ್ನ ಕಲಸಿ ಹಾಕ್ತಾರಂತೆ. ಇದು ಅಕ್ಕ ನನಗೆ ಹೇಳಿದ್ದು, ಹುಡುಗಿಗೆ ಗೊತ್ತಿಲ್ಲ. ಇದನ್ನು ಓದಿ ಗೊತ್ತಾದ್ರೆ ಆಗ್ಲಿ.

ಹೀಗೆ ಮನೇಲಿ ಒಂಟಿಯಾದವಳಿಗೆ ಒಬ್ಬ ಸಾಕ್ಷಿ ಬೇಕಾಗಿತ್ತು. ಸತ್ತು ಮೂವತ್ತು ವರ್ಷ ಕಳೆದ ಕರಿಯನನ್ನು ಕಟಕಟೆಗೆ ಕರೆದಿದ್ದಳು.

ಮಾಂಸ ಹೊಸಿಲು ದಾಟದ ಮನೆ ನಮ್ಮದು. ತುಮಕೂರು ಕಡೆಯ ಹಳ್ಳಿ. ಕರಿಯನಿಗೆ ನಾವು ಉಂಡು ಮಿಕ್ಕಿದ್ದೇ ಊಟ: ರಾಗಿ ಮುದ್ದೆ, ಸೊಪ್ಪಿನ ಸಾರು, ಹಬ್ಬ ಬಂದ್ರೆ ಒಂದು ಒಬ್ಬಟ್ಟು. “ನಮ್ಮ ಕರಿಯಾನೂ ನಮ್ಮ ಹಾಗೇ” ಅಂತ ಅಮ್ಮ ಬಂದವರ ಹತ್ತಿರ ಹೇಳಿಕೊಳ್ಳೋಳು. ನಾವು ಸೋಮವಾರ ಒಪ್ಪತ್ತು ಇದ್ದರೆ ಅದು ಭಾನುವಾರ ಉಪವಾಸ ಇರುತ್ತಿತ್ತು. ನಿಜವಾಗಲೂ! ಭಾನುವಾರ ಮಧ್ಯಾಹ್ನ ಮುದ್ದೆ ಹಾಕಿದ್ರೆ ಮೂಸಿ ನೋಡಿ ಜಗಲಿ ಮೇಲೆ ಮಲಗಿಬಿಡೋದು. ಹೋದ ಜನ್ಮದ ಪುಣ್ಯ ಅಂತ ಅಮ್ಮನ ನಂಬಿಕೆ.

ಮೂವತ್ತು ವರ್ಷ ಇತಿಹಾಸದ ಮೇಷ್ಟ್ರಾಗಿದ್ದವನು ನಾನು. ಸಾಕ್ಷಿ ಅಂದ ಮೇಲೆ ಒಂದೇ ಸಾಕ್ಷಿ ನಂಬಿ ತೀರ್ಪು ಕೊಡೋ ಹಾಗಿಲ್ಲ. ನಾಯಿಯ ತಟ್ಟೆಯಲ್ಲಿ ಹಿಂದೆ ಏನಿತ್ತು ಅಂತ ಹುಡುಕಿಕೊಂಡು ಹೊರಟೆ.

ಮೊದಲು ಸಿಕ್ಕವರು ರೋಮನ್ನರು. ವ್ಯಾರೋ ಅನ್ನೋ ಪಂಡಿತ ಕ್ರಿಸ್ತಪೂರ್ವ 37ರ ಸುಮಾರಿಗೆ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಕುರಿ ಕಾಯೋ ನಾಯಿಗೆ ಜವೆಗೋಧಿ ರೊಟ್ಟಿ ಕೊಡಿ, ಆದರೆ ಹಾಲಲ್ಲಿ ನೆನೆಸದೆ ಕೊಡಬೇಡಿ ಅನ್ನುತ್ತಾನೆ. ಎಲುಬು ಕೊಟ್ಟರೂ ಅವನ ತಕರಾರಿಲ್ಲ. ಆದರೆ ಸತ್ತ ಕುರಿಯ ಮಾಂಸ ಮಾತ್ರ ತಿನ್ನಲು ಬಿಡಬೇಡಿ ಅಂತ ಎಚ್ಚರಿಕೆ ಕೊಡ್ತಾನೆ. ಕಾರಣ ಅಹಿಂಸೆ ಏನಲ್ಲ, ರುಚಿ ಹತ್ತಿದ ನಾಯಿ ನಾಳೆ ಬದುಕಿರೋ ಕುರಿಗೇ ಬಾಯಿ ಹಾಕುತ್ತೆ ಅನ್ನೋ ಭಯ.

ಅವನಾದ ಮೇಲೆ ಸುಮಾರು ನೂರು ವರ್ಷಕ್ಕೆ ಕೊಲುಮೆಲ್ಲ ಅನ್ನೋನು ಇನ್ನೊಂದು ಬೇಸಾಯದ ಪುಸ್ತಕ ಬರೆದ. ಹುಲ್ಲುಗಾವಲು, ದನಕರು ಇರುವ ಜಮೀನಾದರೆ ನಾಯಿಗೆ ಜವೆಗೋಧಿ ಹಿಟ್ಟನ್ನು ಹಾಲೊಡೆದ ತಿಳಿನೀರಿನಲ್ಲಿ ಕಲಸಿ ಕೊಡಿ ಅಂತಾನೆ. ಬರೀ ಮರಗಿಡ ಬೆಳೆಸಿರೋ ಜಮೀನು, ಹಾಲಿಲ್ಲ ಅಂದ್ರೆ? ಗೋಧಿ ರೊಟ್ಟಿಯನ್ನು ಬೇಯಿಸಿದ ಕಾಳಿನ ನೀರಿನಲ್ಲಿ ನೆನೆಸಿ ಹಾಕಿ, ಆದರೆ ಉಗುರುಬೆಚ್ಚಗೆ ಇರಲಿ. ಓದಿ ನಗು ಬಂತು. ನಾವು ಬಸ್ಸಾರು ಮಾಡುವಾಗ ಬಸಿಯುವ ಕಟ್ಟು ಇದೆಯಲ್ಲ, ಅದೇ! ಅಕ್ಕನ ಮಗಳು ಹಾಕುವ ಊಟಕ್ಕೆ ಎರಡು ಸಾವಿರ ವರ್ಷದ ಹಿಂದಿನ ಒಂದು ಪಾಕವಿಧಾನ ಸಿಕ್ಕಿತು. ಫೋನ್ ಮಾಡಿ ಹೇಳಿಬಿಡೋಣ ಅನ್ನಿಸಿತು. ತಡೆದುಕೊಂಡೆ.

ದೂರದ ರೋಮ್ ಬಿಡಿ, ನಮ್ಮಲ್ಲೂ ಹೀಗೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಮುಧೋಳ ನಾಯಿಗಳು ಜೋಳ, ಮೆಕ್ಕೆಜೋಳ, ಹಾಲಿನ ಮೇಲೆ ಬೆಳೆದವು. ಗಾಳಿಯ ಹಾಗೆ ಓಡುವ ಬೇಟೆ ನಾಯಿಗಳವು. ಮನೆಯೊಳಗೆ ಅವುಗಳಿಗೆ ರೊಟ್ಟಿಯೇ ಗತಿ. ಬೇಟೆ ನಾಯಿ ಅಂದಾಗ ಆತಕೂರು ಶಾಸನ ನೆನಪಾಗದೆ ಇರಲ್ಲ. ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ, ಚೋಳರ ಮೇಲಿನ ಯುದ್ಧ ಎಲ್ಲ ಅದರಲ್ಲಿದೆ. ಜೊತೆಗೆ ಮಣಲೇರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಅನ್ನೋ ನಾಯಿ, ಅದು ಹಂದಿಯ ಜೊತೆ ಕಾದಾಡಿ ಹಂದಿಯನ್ನೂ ಕೊಂದು ತಾನೂ ಸತ್ತದ್ದು ಎಲ್ಲವೂ ಇದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹೇಗೆ ಸತ್ತಿತು ಅಂತ ಕಲ್ಲು ಹೇಳುತ್ತೆ. ಬದುಕಿದ್ದಾಗ ಏನು ತಿನ್ನುತ್ತಿತ್ತು ಅನ್ನೋದನ್ನ ಯಾರೂ ಕಲ್ಲಿನಲ್ಲಿ ಕೆತ್ತಿಸಲ್ಲ ಬಿಡಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಕ್ಕನ ಮಗಳ ಕೇಸು ಗೆದ್ದ ಹಾಗೇ. ಆದರೆ ಕರಿಯನ ವಿಷಯದಲ್ಲಿ ನನಗೆ ಇನ್ನೊಂದು ಮಾತು ಗೊತ್ತಿತ್ತು. ಅಮ್ಮ ಇರೋತನಕ ಅದನ್ನ ಬಾಯಿ ಬಿಟ್ಟಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಊರ ಆಚೆ ಹೋಗಿದ್ದೆ. ಕೆರೆ ಏರಿ ಪಕ್ಕ ವಾರಕ್ಕೊಮ್ಮೆ ಕುರಿ ಕಡಿಯುತ್ತಿದ್ದ ಜಾಗ. ಅಲ್ಲಿ ಎಂಟು ಹತ್ತು ನಾಯಿಗಳ ಮಧ್ಯೆ ನಮ್ಮ ಕರಿಯ, ಬಾಯಲ್ಲಿ ಒಂದು ಕರುಳಿನ ತುಂಡು. ನನ್ನ ನೋಡಿ ಬಾಲ ಅಲ್ಲಾಡಿಸಿತು, ತುಂಡನ್ನ ಮಾತ್ರ ಬಿಡಲಿಲ್ಲ. ಭಾನುವಾರದ ಉಪವಾಸದ ಗುಟ್ಟು ಇದು. ಇನ್ನು ಗದ್ದೆಯ ಇಲಿ, ಹೆಗ್ಗಣ, ಸತ್ತ ಹಕ್ಕಿ, ಕರು ಹಾಕಿದ ಹಸುವಿನ ಮಾಸು, ಇವೆಲ್ಲ ಲೆಕ್ಕಕ್ಕೇ ಇಲ್ಲ.

ನನಗನ್ನಿಸೋದು ಇಷ್ಟು: ವ್ಯಾರೋನ ನಾಯಿ, ಕೊಲುಮೆಲ್ಲನ ನಾಯಿ, ಮುಧೋಳದ ನಾಯಿ, ನಮ್ಮ ಕರಿಯ ಯಾವುದನ್ನೂ ಕಟ್ಟಿಹಾಕಿ ಬರೀ ರೊಟ್ಟಿಯಲ್ಲಿ ಸಾಕಿರಲಿಲ್ಲ. ಮನೆಯವರು ತಮಗೆ ಮಿಕ್ಕಿದ್ದು ಹಾಕಿದರು, ಕಡಿಮೆ ಬಿದ್ದದ್ದನ್ನು ನಾಯಿ ತಾನೇ ಹುಡುಕಿಕೊಂಡಿತು. ಹಾಗಾಗಿ ಹಳೇ ಪುಸ್ತಕದ ಪಾಕವಿಧಾನ ಅರ್ಧ ತಟ್ಟೆ ಮಾತ್ರ. ಉಳಿದ ಅರ್ಧ ಬೇಲಿ ಆಚೆ ಇತ್ತು. ಬೆಂಗಳೂರಿನ ಒಂಬತ್ತನೇ ಮಹಡಿಯಲ್ಲಿರೋ ನಾಯಿಗೆ ಬೇಲಿ ಆಚೆ ಅನ್ನೋದೇ ಇಲ್ಲ.

ಆ ಆಚೆ ಇಲ್ಲವಾದದ್ದು ಯಾವಾಗ ಅಂತ ನೋಡಿದರೆ ಕಥೆ ಇಂಗ್ಲೆಂಡಿಗೆ ಹೋಗುತ್ತೆ. ಅಲ್ಲಿ ನಾಯಿಯ ಊಟ ಪಾರ್ಲಿಮೆಂಟಿನವರೆಗೂ ಹೋಗಿತ್ತು! 1795-96ರಲ್ಲಿ ಧಾನ್ಯದ ಅಭಾವ, ಬಡವರಿಗೆ ಬ್ರೆಡ್ಡಿಲ್ಲ. ಜನರ ಬಾಯಿಗೆ ಹೋಗಬೇಕಾದ್ದು ನಾಯಿಯ ಹೊಟ್ಟೆಗೆ ಹೋಗ್ತಿದೆ, ನಾಯಿ ಮೇಲೆ ತೆರಿಗೆ ಹಾಕಿ ಅಂತ ಜಾನ್ ಡೆಂಟ್ ಅನ್ನೋ ಸದಸ್ಯ ಪಟ್ಟು ಹಿಡಿದ. ತೆರಿಗೆ ಬಂತು. ಅವನಿಗೆ ‘ಡಾಗ್ ಡೆಂಟ್’ ಅಂತ ಹೆಸರೂ ಬಿತ್ತು. ನಾಯಿ ಏನು ತಿನ್ನಬೇಕು ಅನ್ನೋ ಜಗಳದ ಒಳಗೆ ಮನುಷ್ಯರದೇ ಒಂದು ಜಗಳ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಗಲಿಲ್ಲ.

ಮುಂದಿನ ಶತಮಾನದಲ್ಲಿ ಲಂಡನ್ ಬೆಳೆಯಿತು. ಸತ್ತ ಗಾಡಿ ಕುದುರೆಗಳ ಮಾಂಸ ಬೇಯಿಸಿ, ಕಡ್ಡಿಗೆ ಚುಚ್ಚಿ ಬೀದಿ ಬೀದಿಯಲ್ಲಿ ಬೆಕ್ಕು ನಾಯಿಗಳಿಗೆ ಅಂತ ಮಾರುವವರು ಹುಟ್ಟಿಕೊಂಡರು. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೆರಿಕದವನು ಬಂದ. ಸಿಡಿಲು ತಡೆಯುವ ಕಂಬಿ ಮಾರಲು ಬಂದವನು. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತನ್ನು ನಾಯಿಗಳು ಕಚ್ಚಾಡಿಕೊಂಡು ತಿನ್ನೋದನ್ನ ನೋಡಿ ಅವನಿಗೆ ಉಪಾಯ ಹೊಳೆಯಿತು ಅಂತ ಕಥೆ ಹೇಳ್ತಾರೆ. ಗೋಧಿ ಹಿಟ್ಟು, ಬೀಟ್‌ರೂಟ್, ತರಕಾರಿ, ಒಂದಿಷ್ಟು ಒಣಮಾಂಸ ಸೇರಿಸಿ ನಾಯಿ ಬಿಸ್ಕತ್ತು ಮಾಡಿ ಮಾರಿದ. ಅವನ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ ಚಾರ್ಲ್ಸ್ ಕ್ರಫ್ಟ್ ಅನ್ನೋ ಹುಡುಗನೇ ಮುಂದೆ 1891ರಲ್ಲಿ ಲಂಡನ್ನಿನಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನ ಶುರು ಮಾಡಿದವನು. ಈಗಲೂ ನಡೀತಿದೆ. ಬಿಸ್ಕತ್ತು ಕಂಪನಿ ಮತ್ತು ನಾಯಿ ಪ್ರದರ್ಶನ ಒಂದೇ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಕಾಕತಾಳೀಯ ಅಲ್ಲ. ಜಾತಿ ನಾಯಿ, ಕೊರಳಪಟ್ಟಿ, ಪೊಟ್ಟಣದ ಊಟ ಜೊತೆಜೊತೆಗೇ ಮನೆಯೊಳಗೆ ಬಂದವು.

ಆಮೇಲಿನದು ಬೇಗ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಮೋಟಾರು, ಟ್ರಾಕ್ಟರು ಬಂದು ಕುದುರೆಗೆ ಕೆಲಸ ಇಲ್ಲದಂತಾಯ್ತು. 1922ರಲ್ಲಿ ಕುದುರೆ ಮಾಂಸ ತುಂಬಿದ ‘ಕೆನ್-ಎಲ್ ರೇಷನ್’ ಡಬ್ಬಿ ಬಂತು. ಎರಡನೇ ಮಹಾಯುದ್ಧದಲ್ಲಿ ಡಬ್ಬಿಯ ತಗಡಿಗೆ ಅಭಾವ. ಒಣ ಆಹಾರ ಮೇಲೆ ಬಂತು. 1950ರ ದಶಕದ ಕೊನೆಗೆ ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಯಂತ್ರದ ತಂತ್ರದಲ್ಲೇ ನಾಯಿಯ ಕಾಳು ತಯಾರಾಯಿತು. 1960ರ ದಶಕದಲ್ಲಿ ಅಲ್ಲಿನ ಕಂಪನಿಗಳು ಒಟ್ಟಾಗಿ ಮನೆಯ ಎಂಜಲು ನಾಯಿಗೆ ಹಾಕಬೇಡಿ ಅಂತ ಪ್ರಚಾರ ಮಾಡಿದವು. ಕುದುರೆ ಇದ್ದಾಗ ಕುದುರೆ, ತಗಡಿಲ್ಲದಾಗ ಹಿಟ್ಟು. ನಾಯಿಗೆ ಏನು ಬೇಕು ಅಂತ ಅಲ್ಲ, ನಮ್ಮಲ್ಲಿ ಏನು ಮಿಕ್ಕಿದೆ ಅಂತ ನೋಡಿಯೇ ತಟ್ಟೆ ತುಂಬಿದ್ದು. “ನಾಯಿ ಅಂದ್ರೆ ಮಾಂಸ, ಅದೇ ಪ್ರಕೃತಿ” ಅಂತ ವಾದಿಸುವವರು ಈ ಲೆಕ್ಕಪುಸ್ತಕವನ್ನೂ ಒಮ್ಮೆ ತಿರುವಿಹಾಕಬೇಕು.

ಯುದ್ಧದ ಮಾತು ಬಂತಲ್ಲ, ಒಂದು ಸಂಗತಿ ಬರೆಯದೆ ಮುಂದೆ ಹೋಗಲಾರೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಮೊದಲ ವಾರದೊಳಗೆ, ಒಂದು ಬಾಂಬೂ ಬೀಳುವ ಮೊದಲೇ, ಲಂಡನ್ನಿನ ಜನ ಸುಮಾರು 4,00,000 ನಾಯಿ ಬೆಕ್ಕುಗಳನ್ನು ತಾವೇ ಒಯ್ದು ಸಾಯಿಸಿಬಿಟ್ಟರು. ಸರ್ಕಾರದ ಆಜ್ಞೆ ಏನೂ ಇರಲಿಲ್ಲ. ಬಾಂಬಿನ ಭಯ, ಮನೆ ಬಿಟ್ಟು ಹೋಗಬೇಕಾದ ಗಾಬರಿ, ಮುಂದೆ ಊಟಕ್ಕೇನು ಗತಿ ಅನ್ನೋ ಚಿಂತೆ ಎಲ್ಲ ಸೇರಿತ್ತು. ಅದೇ ದೇಶದಲ್ಲಿ, ಅದೇ ಯುದ್ಧ ಇನ್ನೂ ಮುಗಿಯದ 1944ರ ನವೆಂಬರಿನಲ್ಲಿ, ಡೊನಾಲ್ಡ್ ವಾಟ್ಸನ್ ಅನ್ನೋ ಮರಗೆಲಸದ ಮೇಷ್ಟ್ರು ಮತ್ತು ಕೆಲವರು ಸೇರಿ ವೀಗನ್ ಸೊಸೈಟಿ ಕಟ್ಟಿದರು. ವೀಗನ್ ಅನ್ನೋ ಪದ ಹುಟ್ಟಿದ್ದೇ ಆಗ. ಮುಂದೆ ಅವರು ಮಾಡಿಕೊಂಡ ವ್ಯಾಖ್ಯೆಯಲ್ಲಿ ಪ್ರಾಣಿಹಿಂಸೆಯಿಂದ “ಸಾಧ್ಯವಾದಷ್ಟು” ದೂರ ಇರಬೇಕು ಅಂತಿದೆ. ಇವತ್ತಿನ ನಾಯಿ ಜಗಳವೆಲ್ಲ ಆ ಒಂದು “ಸಾಧ್ಯವಾದಷ್ಟು” ಒಳಗೇ ನಡೀತಿರೋದು. ಸಾಕಿದ ಒಂದು ಪ್ರಾಣಿಗಾಗಿ ಸಾಕದ ನೂರು ಪ್ರಾಣಿ ಯಾಕೆ ಸಾಯಬೇಕು ಅನ್ನೋದು ಅಕ್ಕನ ಮಗಳ ಪ್ರಶ್ನೆ. ಅದನ್ನ ಹುಚ್ಚು ಅನ್ನೋಕೆ ನನಗೆ ಬಾಯಿ ಬರಲ್ಲ. ಅಮೆರಿಕದಲ್ಲಿ ಮಾಂಸ, ಹಾಲಿನ ಉತ್ಪಾದನೆಯಿಂದ ಪರಿಸರಕ್ಕೆ ಬೀಳುವ ಹೊರೆಯಲ್ಲಿ ಶೇಕಡಾ 25ರಿಂದ 30 ಭಾಗ ನಾಯಿ ಬೆಕ್ಕುಗಳ ಊಟದ್ದು ಅಂತ 2017ರಲ್ಲಿ ಒಂದು ಅಂದಾಜು ಬಂತು. ಆ ಊಟದಲ್ಲಿ ಬಹಳಷ್ಟು ಮನುಷ್ಯರು ತಿನ್ನದೆ ಬಿಟ್ಟ ಭಾಗಗಳೇ ಅನ್ನೋ ಆಕ್ಷೇಪವೂ ಇದೆ, ಇರಲಿ.

ಆದರೆ ಒಳ್ಳೇ ಉದ್ದೇಶ ಹೊಟ್ಟೆಗೆ ಗೊತ್ತಾಗಲ್ಲ. ಮೊದಲ ವೀಗನ್ನರಿಗೇ ಇದರ ಅನುಭವ ಆಯ್ತು. ಬಿ12 ಜೀವಸತ್ವವನ್ನು ಬೇರ್ಪಡಿಸಿ ಗುರುತಿಸಿದ್ದು 1948ರಲ್ಲಿ. ಗಿಡಮರಗಳಲ್ಲಿ ಅದು ಸಿಗಲ್ಲ ಅಂತ ಗೊತ್ತಿಲ್ಲದೆ ಕೆಲವರು ಕಾಯಿಲೆ ಬಿದ್ದೇ ಕಲಿತರು.

ಪ್ರಾಣಿಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಬೆಕ್ಕಿನಿಂದ. ಮಾಂಸ ಹಾಕಿದವರೂ ಇಲ್ಲಿ ಕಿವಿಗೊಡಬೇಕು. 1980ರ ದಶಕದಲ್ಲಿ ಅಮೆರಿಕದ ಬೆಕ್ಕುಗಳಲ್ಲಿ ಹೃದಯದ ಸ್ನಾಯು ಸೋತು ಹೃದಯ ಹಿಗ್ಗಿ ಸಾಯುವ ಕಾಯಿಲೆ ಹೆಚ್ಚಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು 1987ರಲ್ಲಿ ಕಾರಣ ಕಂಡುಹಿಡಿದರು: ರಕ್ತದಲ್ಲಿ ಟೌರೀನ್ ಅನ್ನೋ ಅಂಶದ ಕೊರತೆ. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಮಾಂಸ ಇದ್ದ, ಅಂಗಡಿಯಲ್ಲಿ ಸಿಗುವ, ಅಂದಿನ ಅಳತೆಗೋಲಿನ ಪ್ರಕಾರ ಎಲ್ಲ ಸರಿ ಇದ್ದ ಆಹಾರ! ಅಳತೆಗೋಲೇ ತಪ್ಪಾಗಿತ್ತು. ಟೌರೀನ್ ಕೊಟ್ಟ ಮೇಲೆ ಹೃದಯ ಚೇತರಿಸಿಕೊಂಡಿತು. ಕಂಪನಿಗಳು ಅದನ್ನು ಹೆಚ್ಚು ಸೇರಿಸಿದ ಮೇಲೆ ಕಾಯಿಲೆ ಅಪರೂಪವಾಯಿತು.

ಬೆಕ್ಕು ತನಗೆ ಬೇಕಾದಷ್ಟು ಟೌರೀನನ್ನು ತಾನೇ ಮಾಡಿಕೊಳ್ಳಲಾರದು. ಗಿಡಗಳಲ್ಲಿ ಅದು ಸಿಗದು. ಬೆಕ್ಕು ಹುಟ್ಟಾ ಮಾಂಸಾಹಾರಿ, ಅದರ ಮೇಲೆ ನಮ್ಮ ಸಿದ್ಧಾಂತ ಹೇರೋದು ನನ್ನ ಪ್ರಕಾರ ತಪ್ಪು. ನಾಯಿ ಹಾಗಲ್ಲ. ಬೇರೆ ಎರಡು ಅಮೈನೋ ಆಮ್ಲಗಳು ಸಿಕ್ಕಿದರೆ ಅದರಿಂದ ಟೌರೀನ್ ಮಾಡಿಕೊಳ್ಳುತ್ತೆ. ಅನ್ನ, ರೊಟ್ಟಿ ಅರಗಿಸುವ ಶಕ್ತಿಯೂ ಅದಕ್ಕಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿ ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಅಮೈಲೇಸ್‌ನ ಜೀನು ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತು. ಬೇಸಾಯಗಾರರ ಹಿತ್ತಿಲಿನಲ್ಲಿ ಸಾವಿರಾರು ವರ್ಷ ಎಂಜಲು ತಿಂದು ತಿಂದು ನಾಯಿಯ ಮೈಯೇ ಬದಲಾಗಿದೆ. ಬೇಸಾಯ ಕಾಣದ ಜನರ ಜೊತೆ ಬೆಳೆದ ಹಸ್ಕಿ, ಆಸ್ಟ್ರೇಲಿಯಾದ ಡಿಂಗೋಗಳಲ್ಲಿ ಈ ಪ್ರತಿಗಳು ಕಡಿಮೆ. ಮುದ್ದೆ ತಿಂದ ಕರಿಯನ ಹಿಂದೆ ಇಷ್ಟು ದೊಡ್ಡ ವಂಶಾವಳಿ ಇತ್ತು ಅಂತ ಅಮ್ಮನಿಗೆ ಗೊತ್ತಿದ್ದರೆ ಉಪವಾಸದ ಕಥೆ ಜೊತೆ ಇದನ್ನೂ ಸೇರಿಸಿಕೊಳ್ಳೋಳು.

ಹಾಗಾದರೆ ನಾಯಿಗೆ ಮಾಂಸ ಬಿಡಿಸಬಹುದಾ? ಬಿಡಿಸಿ ನೋಡಿದವರಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ಲೆಡ್ಜ್ ಎಳೆಯುವ 12 ಹಸ್ಕಿಗಳಲ್ಲಿ ಅರ್ಧಕ್ಕೆ ಮಾಂಸವಿಲ್ಲದ ಆಹಾರ ಕೊಟ್ಟು 16 ವಾರ, ಓಟದ ಪಂದ್ಯಗಳೂ ಸೇರಿ, ನೋಡಿದರು. ರಕ್ತದಲ್ಲಿ ಕೊರತೆ ಕಾಣಲಿಲ್ಲ. 2022ರಲ್ಲಿ 2,536 ನಾಯಿಗಳ ಮಾಲೀಕರನ್ನು ಕೇಳಿ ಬರೆದ ಪ್ರಬಂಧ ಬಂತು. ವೀಗನ್ ನಾಯಿಗಳು ಮಾಂಸದ ನಾಯಿಗಳಿಗಿಂತ ಕಡಿಮೆ ಏನಿಲ್ಲ, ಆರೋಗ್ಯವಾಗೇ ಇವೆ ಅಂತ ಅದರ ಸಾರ. ನನ್ನ ಮೇಷ್ಟ್ರ ಬುದ್ಧಿ ಇಲ್ಲಿ ಸ್ವಲ್ಪ ತಡೆಯುತ್ತೆ. ಅದು ಮಾಲೀಕರ ಹೇಳಿಕೆ. ಅಮ್ಮನನ್ನು ಕೇಳಿದ್ದರೂ ಕರಿಯ ಶುದ್ಧ ಶಾಖಾಹಾರಿ ಅಂತಲೇ ಬರೆಸುತ್ತಿದ್ದಳು. ಸಸ್ಯಾಹಾರದ ಪ್ರಚಾರ ಮಾಡುವ ಸಂಸ್ಥೆಯೊಂದರ ಹಣವೂ ಅದಕ್ಕಿತ್ತು. ಮಾಂಸದ ಆಹಾರದ ಬಗ್ಗೆ ಕಂಪನಿಗಳ ಹಣದಲ್ಲಿ ನಡೆದ ಸಂಶೋಧನೆಗೂ ಇದೇ ಅನುಮಾನ ಅನ್ವಯಿಸುತ್ತೆ.

ಅಕ್ಕನ ಮಗಳಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದನ್ನ. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಕೊಟ್ಟಿತು. ಬೆಕ್ಕಿಗೆ ಬಂದಿದ್ದ ಅದೇ ಹೃದಯ ಹಿಗ್ಗುವ ಕಾಯಿಲೆ ಈಗ ನಾಯಿಗಳಲ್ಲಿ ಕಾಣಿಸುತ್ತಿದೆ ಅಂತ. 2014ರಿಂದ 2019ರ ಏಪ್ರಿಲ್‌ವರೆಗೆ ಬಂದ ವರದಿ 524, ಒಂಬತ್ತು ಬೆಕ್ಕು ಬಿಟ್ಟರೆ ಉಳಿದವೆಲ್ಲ ನಾಯಿಗಳದ್ದು. ಹೆಚ್ಚಿನವು ತಿನ್ನುತ್ತಿದ್ದದ್ದು ಧಾನ್ಯ ಇಲ್ಲದ, ಬಟಾಣಿ, ಮಸೂರದಂಥ ಬೇಳೆಕಾಳು ತುಂಬಿದ ಆಹಾರ. ಮಜಾ ನೋಡಿ, ಅವುಗಳಲ್ಲಿ ಬಹುಪಾಲು ಮಾಂಸದ ಆಹಾರವೇ. ಧಾನ್ಯ ನಾಯಿಗೆ ಕೆಟ್ಟದ್ದು, ತೋಳದ ಹಾಗೆ ತಿನ್ನಿಸಿ ಅನ್ನೋ ಫ್ಯಾಷನ್ನಿನಲ್ಲಿ ಬಂದದ್ದು. ಕಾಳು ಕಾರಣ ಅಂತ ಸಾಬೀತಾಗಲಿಲ್ಲ. 2022ರ ಕೊನೆಗೆ, ಹೊಸದೇನಾದರೂ ಸಿಗೋತನಕ ಇನ್ನು ಪ್ರಕಟಣೆ ಕೊಡಲ್ಲ ಅಂತ ಅವರು ನಿಲ್ಲಿಸಿದರು. ಆದರೆ ಆ ವರದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಜಾತಿ ಯಾವುದು ಗೊತ್ತಾ? ಗೋಲ್ಡನ್ ರಿಟ್ರೀವರ್.

ಇದನ್ನ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

“ಮಾಮ, ಹಾಗಾದ್ರೆ ನಾನು ಅದನ್ನ ಸಾಯಿಸ್ತಿದ್ದೀನಾ?”

“ಹಾಗಂತ ಯಾರಂದ್ರು? ಅಳತೆ ಇಲ್ಲದೆ ಬೇಯಿಸಿ ಹಾಕ್ತಿದ್ದೀಯ ಅಂದೆ ಅಷ್ಟೆ.”

ಅವಳ ಅಡುಗೆಮನೆಯ ಸೋಯಾ ಅನ್ನಕ್ಕೂ ಹಸ್ಕಿಗಳು ತಿಂದ ಆಹಾರಕ್ಕೂ ಹೆಸರು ಒಂದೇ, ವಸ್ತು ಒಂದೇ ಅಲ್ಲ. ಹಸ್ಕಿಗಳದ್ದು ಪೋಷಕಾಂಶ ಲೆಕ್ಕ ಹಾಕಿ ಮಾಡಿದ್ದು. ಅವಳದ್ದು ಕಣ್ಣಳತೆ. ಮನೆಯಲ್ಲಿ ಕೋಳಿ ಅನ್ನ ಬೇಯಿಸಿ ಹಾಕೋರದ್ದೂ ಕಣ್ಣಳತೆಯೇ, ಕ್ಯಾಲ್ಸಿಯಂ ಎಲ್ಲಿಂದ ಬರುತ್ತೆ ಅಂತ ಅವರೂ ಯೋಚಿಸಿರಲ್ಲ. ವೈದ್ಯರು ಗದರುವ ಬದಲು ಇದನ್ನ ಕೂರಿಸಿ ಹೇಳಿದ್ದರೆ ಆರು ತಿಂಗಳು ಉಳೀತಿತ್ತು. 2024ರ ಜುಲೈನಲ್ಲಿ ಬ್ರಿಟನ್ನಿನ ಪಶುವೈದ್ಯರ ಸಂಘ ಕೂಡ ನಾಯಿಗೆ ವೀಗನ್ ಆಹಾರ ಬೇಡವೇ ಬೇಡ ಅನ್ನೋ ತನ್ನ ಹಳೆಯ ನಿಲುವನ್ನು ಕೈಬಿಟ್ಟಿತು. ಬೆಕ್ಕಿಗೆ ಮಾತ್ರ ಬೇಡ ಅಂತಲೇ ಉಳಿಸಿಕೊಂಡಿತು. ನಾಯಿಯ ಆಹಾರ ಪೌಷ್ಟಿಕವಾಗಿ ಪೂರ್ಣವಾಗಿರಬೇಕು, ವೈದ್ಯರ ಕಣ್ಣಿನಡಿ ಇರಬೇಕು ಅನ್ನೋದು ಅವರ ಮಾತು.

ಅವಳೀಗ ಬೇರೆ ವೈದ್ಯರೊಬ್ಬರ ಹತ್ತಿರ ಹೋಗಿ ಬಂದಿದ್ದಾಳೆ. ಮನೆಯ ಅಡುಗೆ ನಿಲ್ಲಿಸಿದ್ದಾಳೆ. ಪೊಟ್ಟಣದ ಹಿಂದೆ ‘ಪೂರಕ’ ಅಂತಲ್ಲ, ‘ದೊಡ್ಡ ನಾಯಿಗೆ ಸಂಪೂರ್ಣ ಆಹಾರ’ ಅಂತ ಬರೆದಿರುವ, ಟೌರೀನ್ ಸೇರಿಸಿದ ವೀಗನ್ ಕಾಳು ತರಿಸಿದ್ದಾಳೆ. ರಕ್ತ ಕೊಟ್ಟಾಗಿದೆ. ಹೃದಯದ ಸ್ಕ್ಯಾನಿಗೆ ಬರುವ ಮಂಗಳವಾರ ಹನ್ನೊಂದು ಗಂಟೆಗೆ ಹೇಳಿದ್ದಾರೆ. ಸ್ಕ್ಯಾನ್ ಚೆನ್ನಾಗಿ ಬರದಿದ್ದರೆ ಏನು ಮಾಡ್ತೀಯ ಅಂತ ಕೇಳಿದೆ. “ಕೋಳಿ ಅಂಗಡಿಗೆ ಹೋಗ್ತೀನಿ ಮಾಮ, ಇನ್ನೇನ್ ಮಾಡ್ಲಿ” ಅಂದಳು. ಹೇಳುವಾಗ ಅವಳ ದನಿ ಸರಿ ಇರಲಿಲ್ಲ.

ಸ್ಕ್ಯಾನಿನ ದಿನ ನಾನೂ ಬರ್ತೀನಿ ಅಂದಿದ್ದೀನಿ. ಕರಿಯನ ಭಾನುವಾರದ ಕಥೆ ಪೂರ್ತಿ ಹೇಳಿದ್ದಾಯ್ತು. ಅತ್ತೆಯ ಮೊಸರನ್ನದ ವಿಷಯ ಮಾತ್ರ ನಾನಾಗಿ ಎತ್ತಲಿಲ್ಲ.